ಮಾಸ್ಬಿ ಕೌಂಟಿಯಲ್ಲಿ ಎಲ್ಲರದ್ದೂ ಹೃದಯವೇ ನಿಲ್ಲುವುದು

ಮಾಸ್ಬಿ ಕೌಂಟಿಯಲ್ಲಿ ಇಪ್ಪತ್ತಾರು ವರ್ಷಗಳ ಕಾಲ ಶ್ವಾಸಕೋಶದ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಇದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಆ ಇಪ್ಪತ್ತಾರು ವರ್ಷವೂ ಸತ್ತವರ ಸರ್ಟಿಫಿಕೇಟು ಟೈಪ್ ಮಾಡಿದವಳು ನಾನೇ.

ಅಮೆರಿಕದ ಕೆಂಟಕಿ ರಾಜ್ಯದ ಈ ಮೂಲೆಯ ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಯಲ್ಲಿ ಸಾಯುವುದೆಂದರೆ ಜನಕ್ಕೆ ಅವಮಾನ. ಲೆಕ್ಸಿಂಗ್ಟನ್ನಿನ ದೊಡ್ಡ ಡಾಕ್ಟರು ಕೈಚೆಲ್ಲಿದ ಮೇಲೆ ಮನೆಗೆ ಬಂದು ತಮ್ಮ ಮಂಚದಲ್ಲೇ ಕಣ್ಣು ಮುಚ್ಚುತ್ತಾರೆ. ಹಾಗೆ ಮನೆಯಲ್ಲಿ ಸತ್ತವರ ಸಾವಿನ ಕಾರಣ ಬರೆಸಬೇಕಾದವನು ಕೌಂಟಿಯ ಕರೋನರ್. ಕರೋನರ್ ಆಗಲು ಡಾಕ್ಟರಿಕೆ ಓದಿರಬೇಕೆಂದೇನೂ ಇಲ್ಲ, ಚುನಾವಣೆಯಲ್ಲಿ ಗೆದ್ದರೆ ಸಾಕು. ನಮ್ಮಲ್ಲಿ ಪ್ರತಿ ಸಲವೂ ಗೆಲ್ಲುವವನು ಎವರೆಟ್ ಸ್ಟ್ಯಾಂಪರ್. ಊರಿಗೆಲ್ಲ ಒಂದೇ ಆಗಿರುವ ಶವಸಂಸ್ಕಾರದ ಮನೆಯೂ ಅವನದೇ. ಹೆಣಕ್ಕೆ ಕೋಟು ತೊಡಿಸುವವನೂ ಅವನೇ, ಹೆಣ ಯಾಕಾಯಿತೆಂದು ಹೇಳುವವನೂ ಅವನೇ.

ಎವರೆಟ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಅವನದು ಬೆಣ್ಣೆಯಂಥ ಮನಸ್ಸು. ಗಂಡನನ್ನು ಕಳೆದುಕೊಂಡ ಹೆಂಗಸು ಅಡಿಗೆಮನೆಯಲ್ಲಿ ಅವನಿಗೆ ಕಾಫಿ ಬಗ್ಗಿಸುತ್ತ ನಿಂತಿರುವಾಗ ಕ್ಯಾನ್ಸರ್ ಎಂಬ ಮಾತನ್ನು ಆಡಲು ಅವನಿಗೆ ಬಾಯಿಯೇ ಬರುತ್ತಿರಲಿಲ್ಲ. ಅವಳಿಗೂ ಅದು ಬೇಡವಾಗಿತ್ತು. ಈ ಕೌಂಟಿಯಲ್ಲಿ ಮನೆಯ ಸೂರು, ಮಕ್ಕಳ ಬೂಟು, ಚರ್ಚಿನ ಗಂಟೆ ಎಲ್ಲವೂ ಹೊಗೆಸೊಪ್ಪಿನಿಂದ ಬಂದದ್ದು. ಹೊಗೆಸೊಪ್ಪೇ ತನ್ನ ಗಂಡನನ್ನು ತಿಂದಿತೆಂದು ಹೇಳುವುದು ಉಂಡ ಮನೆಯ ಜಂತೆ ಎಣಿಸಿದಂತೆ. ಆದ್ದರಿಂದ ಎವರೆಟ್ ಹೊರಗೆ ಬಂದು ಶವದ ಕಾರಿನಲ್ಲಿ ಕೂತು ನನಗೆ ಫೋನು ಮಾಡುತ್ತಿದ್ದ. ಆರೋಗ್ಯ ಇಲಾಖೆಯ ಎರಡು ಕೋಣೆಯ ಕಚೇರಿಯಲ್ಲಿ ಗುಮಾಸ್ತೆ, ದಾದಿ, ದೂರವಾಣಿ ಎಲ್ಲವೂ ನಾನೇ.

"ಮಿಸ್ ವರ್ನಾ, ಹೃದಯ ಅಂತ ಹಾಕ್ಕೋ."

"ಎವರೆಟ್, ಆತ ಎಂಟು ತಿಂಗಳಿಂದ ರಕ್ತ ಕೆಮ್ತಿದ್ದ. ಊರಿಗೆಲ್ಲ ಗೊತ್ತು."

"ಕೊನೇಲಿ ಹೃದಯ ನಿಂತ್ತೋ ಇಲ್ವೋ?"

"ನಿಂತ್ತಪ್ಪ."

"ಮತ್ತೆ? ನಾನೇನು ಸುಳ್ಳು ಹೇಳ್ದೆ?"

ಹೀಗೆ ನಮ್ಮ ಕೌಂಟಿಯಲ್ಲಿ ಎಲ್ಲರದ್ದೂ ಹೃದಯವೇ ನಿಲ್ಲುತ್ತ ಹೋಯಿತು. ನಾನೂ ಟೈಪ್ ಮಾಡುತ್ತ ಹೋದೆ. ಮೊದಮೊದಲು ಬೆರಳು ಅಳುಕುತ್ತಿತ್ತು. ಆಮೇಲೆ ನೋಡದೆಯೇ ಹೊಡೆಯುವಷ್ಟು ರೂಢಿಯಾಯಿತು.

ಜಪಾನಿನಿಂದ ಕಾಗದ ಬಂದದ್ದು ಹೋದ ವರ್ಷ ಫೆಬ್ರವರಿಯಲ್ಲಿ. ಬರೆದವರು ಒಸಾಕಾದ ಡಾಕ್ಟರ್ ಹಾತಾನಾಕಾ ಎಂಬ ಹೆಂಗಸು. ದೇಶದೇಶಗಳ ಜನ ಎಷ್ಟು ಸೇದುತ್ತಾರೆ, ಎಷ್ಟು ಸಾಯುತ್ತಾರೆ ಎಂದು ಹೋಲಿಸಿ ನೋಡುವುದು ಅವರ ಕಸುಬು. ಜಪಾನಿನ ಗಂಡಸರು ಬಹಳ ಕಾಲ ಅಮೆರಿಕದವರಿಗಿಂತ ಹೆಚ್ಚು ಸೇದಿಯೂ ಶ್ವಾಸಕೋಶದ ಕ್ಯಾನ್ಸರಿನಿಂದ ಕಡಿಮೆ ಸತ್ತರಂತೆ, ಯಾಕೆ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರಂತೆ. ಕಾಗದದ ಜೊತೆ ಆ ಸಾವಿನ ಲೆಕ್ಕದ ಒಂದು ರೇಖಾನಕ್ಷೆ ಇತ್ತು. ಅದರಲ್ಲಿ ಅಮೆರಿಕದ ಗೆರೆ ಒಂದು, ಜಪಾನಿನ ಗೆರೆ ಒಂದು. ಎರಡರ ಕೆಳಗೆ, ನೆಲಕ್ಕೆ ಅಂಟಿಕೊಂಡು ಮಲಗಿದ ಮೂರನೆಯ ಗೆರೆ ನಮ್ಮದು. ಸೇದುವುದರಲ್ಲಿ ಎರಡು ದೇಶಗಳನ್ನೂ ಮೀರಿಸಿದ ಮಾಸ್ಬಿ ಕೌಂಟಿಯವರು ಸಾಯುವುದರಲ್ಲಿ ಸೊನ್ನೆ. ಈ ಅದ್ಭುತವನ್ನು ಕಣ್ಣಾರೆ ನೋಡಲು ಅವರು ವಸಂತಕ್ಕೆ ಬರುತ್ತೇನೆಂದು ಬರೆದಿದ್ದರು.

ಕಾಗದ ನನ್ನ ಕಚೇರಿಗೆ ಬಂದದ್ದು. ಓದಿ ಖಾನೆಯೊಳಗೆ ತಳ್ಳಿ ಮುಚ್ಚಿದೆ. ಆದರೆ ನಕಲು ಕೌಂಟಿಯ ಜಡ್ಜ್ ಡೆಲ್ಮರ್ ಪ್ರೂಯಿಟ್‌ಗೂ ಹೋಗಿತ್ತು. ನಮ್ಮಲ್ಲಿ ಜಡ್ಜ್ ಎಂದರೆ ತೀರ್ಪು ಹೇಳುವವನಲ್ಲ, ಕೌಂಟಿಯ ಆಡಳಿತ ನಡೆಸುವವನು. ತೀರ್ಪು ಹೇಳುವ ಚಟ ಮಾತ್ರ ಡೆಲ್ಮರ್‌ಗೆ ಉಂಟು. ಅವನ ತಾತ ಹೊಗೆಸೊಪ್ಪಿನ ಹರಾಜು ಕಟ್ಟೆ ಕಟ್ಟಿಸಿದವನು. ಮರುದಿನ ಬೆಳಿಗ್ಗೆ ಪರ್ಲ್ ಹೋಟೆಲಿನಲ್ಲಿ ಬನ್ನಿನಂಥ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದುಕೊಂಡು, ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದ.

"ಜಪಾನಿನೋರು ನಮ್ಮನ್ನ ನೋಡಿ ಕಲೀಬೇಕಂತೆ."

"ಏನ್ ಕಲೀಬೇಕಂತೆ ಜಡ್ಜ್?" ಎಂದು ಯಾರೋ ಕೇಳಿದರು.

"ಸೇದೋದನ್ನ. ಅವರಿಗೆ ಸರಿಯಾಗಿ ಸೇದಕ್ಕೆ ಬರಲ್ಲ ಅಂತ ಕಾಣುತ್ತೆ."

"ಲೆಕ್ಸಿಂಗ್ಟನ್ ಆಸ್ಪತ್ರೇಲಿ ಸತ್ತರಲ್ಲ, ಆ ಇಬ್ಬರು? ಅವರಿಗೆ ಅದೇ ಕ್ಯಾನ್ಸರ್ ಆಗಿತ್ತಲ್ವಾ?" ಎಂದು ಇನ್ನೊಬ್ಬ ಕೇಳಿದ.

"ಅವರು ಊರು ಬಿಟ್ಟು ಹೋಗಿದ್ದಕ್ಕೇ ಸತ್ತಿದ್ದು. ಅವರನ್ನ ಲೆಕ್ಕಕ್ಕೆ ಹಿಡೀಬಾರದು," ಎಂದು ಜಡ್ಜ್ ತೀರ್ಪು ಕೊಟ್ಟ.

ಒಂದು ವಾರದೊಳಗೆ ಕೋರ್ಟಿನ ಮುಂದೆ ಬ್ಯಾನರು ಏರಿತು: 'ಮಾಸ್ಬಿ ಕೌಂಟಿ, ಜಗತ್ತಿನ ಅತಿ ಗಟ್ಟಿ ಶ್ವಾಸಕೋಶ.' ಗುಟ್ಟು ಏನಿರಬಹುದೆಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ನಮ್ಮ ಬೀನ್ಸ್ ಕಾಳಿನ ಸಾರು ಎಂದರು, ಜೋಳದ ಪಾಕ ಎಂದರು, ಬಾವಿಯ ಗಂಧಕದ ನೀರು ಎಂದರು. ಬ್ಯಾಪ್ಟಿಸ್ಟ್ ಚರ್ಚಿನವರು ತಮ್ಮ ಪ್ರಾರ್ಥನೆ ಎಂದರು. ಮೆಥಡಿಸ್ಟ್ ಚರ್ಚಿನವರು ತಾವೂ ಸಾಯುತ್ತಿಲ್ಲವೆಂದು ನೆನಪಿಸಿದರು. ಇಷ್ಟು ವರ್ಷ ಕದ್ದು ಸೇದುತ್ತಿದ್ದ ಶಾಲೆಯ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ಸೇದತೊಡಗಿದರು. ನಾನೊಬ್ಬಳು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ಓಡಾಡಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ನುಂಗಿಬಿಡುತ್ತಿದ್ದೆನೇನೋ. ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತು. ಆದರೆ ನನ್ನ ತಮ್ಮ ಹೋಬರ್ಟ್ ಕ್ರಿಸ್‌ಮಸ್ಸಿನಿಂದ ಕೆಮ್ಮುತ್ತಿದ್ದ.

ಹೋಬ್‌ಗೆ ಆಗ ಅರವತ್ತೆರಡು. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ಹೊಗೆಸೊಪ್ಪು ಒಣಗಿಸುತ್ತಿದ್ದ ಬ್ಯಾರನ್ನಿನಲ್ಲಿ ಎಲೆ ಕಟ್ಟುವಾಗ ಶುರು ಮಾಡಿದವನು ಆಗಲೂ ದಿನಕ್ಕೆ ಒಂದೂವರೆ ಪ್ಯಾಕು ಸೇದುತ್ತಿದ್ದ. ಮಾರ್ಚಿನಲ್ಲಿ ಅವನು ಬಗ್ಗಿ ಬೂಟು ಕಟ್ಟುವಾಗ ನೋಡಿದೆ, ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದ. ಅವನ ಹೆಂಡತಿ ಹೋಗಿ ಆರು ವರ್ಷವಾಯಿತು, ತೂತು ಎಣಿಸಲು ಬೇರೆ ಯಾರೂ ಇಲ್ಲ. ಸರ್ಕಾರದ ಸ್ಕ್ಯಾನ್ ಬಸ್ಸು ಪ್ರತಿ ವರ್ಷ ಏಪ್ರಿಲ್ ಕೊನೆಯ ಮಂಗಳವಾರ ನಮ್ಮ ಚರ್ಚಿನ ಅಂಗಳಕ್ಕೆ ಬರುತ್ತದೆ. ಹತ್ತು ನಿಮಿಷ ಮಲಗಿದರೆ ಎದೆಯೊಳಗಿನದೆಲ್ಲ ಕಾಣಿಸುತ್ತದೆ. ಅದಕ್ಕೆ ಜನರ ಹೆಸರು ಬರೆದುಕೊಳ್ಳುವುದೂ ನನ್ನ ಕೆಲಸವೇ. ಆ ವರ್ಷ ಬ್ಯಾನರಿನ ದೆಸೆಯಿಂದ ಒಬ್ಬರೂ ಹೆಸರು ಕೊಟ್ಟಿರಲಿಲ್ಲ. ಮೊದಲ ಸಾಲಿನಲ್ಲಿ ಅವನ ಹೆಸರನ್ನೇ ಬರೆದು, ಪಟ್ಟಿ ಹಿಡಿದುಕೊಂಡು ಅವನ ಮನೆಗೆ ಹೋದೆ.

"ಹೊಡೆದು ಹಾಕು ಅದನ್ನ," ಎಂದ.

"ಹತ್ತು ನಿಮಿಷ ಕಣೋ. ಬೂಟು ಕೂಡ ಬಿಚ್ಚಬೇಕಿಲ್ಲ."

"ಅಕ್ಕಾ, ಜಪಾನಿಂದ ವಿಮಾನ ಹತ್ತಿ ಬರ್ತಿದಾರೆ ನಮ್ಮ ಎದೆ ನೋಡಕ್ಕೆ. ನಾನು ಅನುಮಾನ ಪಟ್ಕೊಂಡು ಬಸ್ಸಲ್ಲಿ ಹೋಗಿ ಮಲಗಿದ್ರೆ ಚೆನ್ನಾಗಿರುತ್ತಾ?"

"ಕೆಮ್ತಿದೀಯಲ್ಲೋ ಮೂರು ತಿಂಗಳಿಂದ."

"ಹುಲ್ಲಿನ ಧೂಳು. ಅಪ್ಪನೂ ಕೆಮ್ತಿದ್ರು. ಎಪ್ಪತ್ತೊಂಬತ್ತನೇ ವಯಸ್ಸಿನ ತನಕ ಸೇದಿದ್ರು, ಹೋಗಿದ್ದು ಹೃದಯದಿಂದ. ನಿನಗೆ ಹೇಳ್ಬೇಕಾ? ನೀನೇ ಟೈಪ್ ಮಾಡಿದೀಯ."

ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಹೌದು, ನಾನೇ ಟೈಪ್ ಮಾಡಿದ್ದೇನೆ. ಅಪ್ಪ ಹೋಗಿ ಹನ್ನೊಂದು ವರ್ಷ. ಲೆಕ್ಸಿಂಗ್ಟನ್ನಿಗೆ ಅವರನ್ನು ಕರೆದುಕೊಂಡು ಹೋದವಳು ನಾನು, ಡಾಕ್ಟರು ಬಾಗಿಲು ಹಾಕಿ ಹೇಳಿದ್ದನ್ನು ಕೇಳಿದವಳೂ ನಾನು. ವಾಪಸು ಬರುವಾಗ ದಾರಿಯಲ್ಲಿ ಅಪ್ಪ ಕಿಟಕಿ ಇಳಿಸಿ ಒಂದು ಸಿಗರೇಟು ಹಚ್ಚಿ, "ಹೋಬ್‌ಗೆ ಹೇಳ್ಬೇಡ, ಈ ವರ್ಷದ ಸಸಿ ನೆಡೋದಿದೆ," ಎಂದರು. ಎಂಟು ತಿಂಗಳ ಮೇಲೆ, ಅಪ್ಪ ಹೋದ ದಿನ, ಎವರೆಟ್ ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದಾಗ ಅಮ್ಮ ಕಾಫಿ ಪಾತ್ರೆ ಕೆಳಗಿಟ್ಟು ಹೇಳಿದಳು: "ಐವತ್ತು ವರ್ಷ ಆ ಸೊಪ್ಪೇ ನಮಗೆ ಊಟ ಹಾಕಿದೆ. ಅದೇ ಅವರನ್ನ ಕೊಂದಿದ್ದು ಅಂತ ಸರ್ಕಾರಿ ಕಾಗದದಲ್ಲಿ ಬರೆಸೋಕೆ ನಾನು ಬಿಡಲ್ಲ." ಎವರೆಟ್ ನನ್ನ ಮುಖ ನೋಡಿದ. ಆ ಸಲ ಅವನು ಫೋನು ಕೂಡ ಮಾಡಲಿಲ್ಲ. ನಾನೇ ಕಚೇರಿಗೆ ಹೋಗಿ ಹೃದಯ ಎಂದು ಹೊಡೆದೆ. ಅಮ್ಮನೂ ಈಗಿಲ್ಲ. ಕ್ಯಾನ್ಸರ್ ಎಂದು ಲೆಕ್ಸಿಂಗ್ಟನ್ನಿನ ಡಾಕ್ಟರು ಬರೆದ ಚೀಟಿ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಇವತ್ತಿಗೂ ಇದೆ.

ಹಾತಾನಾಕಾ ಏಪ್ರಿಲ್ ಎರಡನೆಯ ವಾರ ಬಂದರು. ಐವತ್ತರ ಹತ್ತಿರದ ಸಣ್ಣ ಆಕೃತಿ, ಓಡಾಡುವುದಕ್ಕೆಂದೇ ಹೊಲಿಸಿದಂಥ ಬೂಟು, ಕೈಯಲ್ಲಿ ಒಂದು ನೋಟ್‌ಪುಸ್ತಕ. ನಮ್ಮ ಭಾಷೆಯನ್ನು ಪುಸ್ತಕ ಓದಿ ಕಲಿತವರು, ಒಂದೊಂದು ಮಾತನ್ನೂ ಇಸ್ತ್ರಿ ಮಾಡಿ ಆಡುವರು. ಜಡ್ಜ್ ಬ್ಯಾಂಡು ಬಾರಿಸಿ ಸ್ವಾಗತ ಮಾಡಿದ. ಸಾರು ಕುಡಿಸಿದರು, ಪಾಕ ನೆಕ್ಕಿಸಿದರು, ಗಂಧಕದ ನೀರನ್ನು ಬಾಟಲಿಯಲ್ಲಿ ತುಂಬಿ ಕೊಟ್ಟರು. ಆಕೆ ಎಲ್ಲಕ್ಕೂ ತಲೆ ಬಾಗಿಸಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಮನೆಮನೆಗೆ ಹೋಗತೊಡಗಿದರು. ದಾರಿ ತೋರಿಸಲು ಜಡ್ಜ್ ನನ್ನನ್ನೇ ಗೊತ್ತು ಮಾಡಿದ್ದ.

"ದಿನಕ್ಕೆ ಎಷ್ಟು ಸೇದುವಿರಿ?" ಎಂದು ಗಂಡಸರನ್ನು ಕೇಳಿದರೆ, "ಒಂದೋ ಎರಡೋ," ಎನ್ನುತ್ತಿದ್ದರು. ಹಾತಾನಾಕಾ ಅದನ್ನು ಬರೆದುಕೊಂಡಂತೆ ನಟಿಸಿ, ಹೊರಡುವಾಗ ಅಂಗಳದಲ್ಲಿ ಹೆಂಡತಿಯನ್ನು ಅದೇ ಪ್ರಶ್ನೆ ಕೇಳುತ್ತಿದ್ದರು. ಹೆಂಡತಿ ಎರಡು ಪ್ಯಾಕು ಎನ್ನುತ್ತಿದ್ದಳು. ಆಕೆ ಬರೆದುಕೊಳ್ಳುತ್ತಿದ್ದುದು ಆ ಎರಡನೆಯದನ್ನೇ.

"ನಮ್ಮ ದೇಶದಲ್ಲಿಯೂ ಹೀಗೆಯೇ," ಎಂದರು ಕಾರಿನಲ್ಲಿ. "ಗಂಡಸರ ಹೊಗೆಯ ಅಳತೆ ಹೆಂಗಸರ ಬಳಿ ಇರುತ್ತದೆ."

ಆವತ್ತಿನಿಂದ ನನಗೆ ಆಕೆಯನ್ನು ಕಂಡರೆ ಭಯವಾಯಿತು. ಬ್ಯಾಂಡು ಕೇಳಿ ಮರುಳಾಗುವ ಪೈಕಿ ಅಲ್ಲ ಇವರು.

ಆ ಬುಧವಾರದ ಸಂಜೆಯ ಪ್ರಾರ್ಥನೆಯಲ್ಲಿ ಇನ್ನೊಂದಾಯಿತು. ನಮ್ಮ ಚರ್ಚಿನಲ್ಲಿ ಬುಧವಾರ ಪಾದ್ರಿ ಬ್ರದರ್ ಕ್ಲೈಡ್ ಯಾರ್ಯಾರಿಗೆ ಏನೇನು ಬೇಡಬೇಕೆಂದು ಕೇಳುತ್ತಾನೆ. ಒಬ್ಬಳು ಮಗಳ ಹೆರಿಗೆ ಎನ್ನುತ್ತಾಳೆ, ಒಬ್ಬ ಹಸುವಿನ ಕೆಚ್ಚಲು ಎನ್ನುತ್ತಾನೆ. ಹೇಳಿಕೊಳ್ಳಲಾಗದ್ದು ಇದ್ದವರು ಸುಮ್ಮನೆ ಒಂದು ಕೈ ಎತ್ತಿದರೆ ಸಾಕು. ಅದಕ್ಕೆ ಹೇಳದ ಪ್ರಾರ್ಥನೆ ಎನ್ನುತ್ತಾರೆ. ಯಾರೂ ಏನೆಂದು ಕೇಳುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ಅಂದು ನಾನು ತಿರುಗಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಕೆಮ್ಮನ್ನು ಕರವಸ್ತ್ರದಲ್ಲಿ ಅದುಮಿಕೊಂಡು, ಇನ್ನೊಂದು ಕೈ ಎತ್ತಿ ಕೂತವನು ಹೋಬ್.

ದೇವರಿಗೆ ಹೇಳುತ್ತಾನಂತೆ, ಬಸ್ಸಿಗೆ ಹೇಳುವುದಿಲ್ಲವಂತೆ. ನನಗೆ ಅಳುವೂ ಬಂತು, ಎದ್ದು ಹೋಗಿ ಅವನ ಕೆನ್ನೆಗೆ ಎರಡು ಬಿಡಬೇಕೆಂದೂ ಅನ್ನಿಸಿತು. ಅವನಿಗೆ ಗೊತ್ತಿದೆ. ಗೊತ್ತಿದ್ದೂ ನನ್ನ ಕಾಗದದ ಹಿಂದೆ ಬಚ್ಚಿಟ್ಟುಕೊಂಡಿದ್ದಾನೆ. ಬಚ್ಚಿಟ್ಟುಕೊಳ್ಳಲು ಜಾಗ ಮಾಡಿಕೊಟ್ಟವಳು ನಾನೇ.

ಮರುದಿನ ಹಾತಾನಾಕಾ ಕಚೇರಿಗೆ ಬಂದು ಇಪ್ಪತ್ತಾರು ವರ್ಷದ ಸರ್ಟಿಫಿಕೇಟುಗಳನ್ನು ಕೇಳಿದರು. ಮಧ್ಯಾಹ್ನದವರೆಗೆ ಕಿಟಕಿಯ ಹತ್ತಿರ ಕೂತು ಒಂದೊಂದನ್ನೇ ತಿರುವಿದರು. ನಾನು ಕಾಫಿ ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟರು.

"ಮಿಸ್ ವರ್ನಾ, ಇಲ್ಲಿ ಹೃದಯ ಬಹಳ ನಿಲ್ಲುತ್ತದೆ."

"ಹೌದು. ಬೇಕನ್ ಜಾಸ್ತಿ ತಿಂತೀವಿ," ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

ಆಕೆ ಕಾಗದಗಳ ಕಟ್ಟನ್ನು ಮುಚ್ಚಿದರು. "ನನ್ನ ತಂದೆ ತೀರಿಕೊಂಡಾಗ ನಾನು ವಿದ್ಯಾರ್ಥಿನಿ. ಆಗ ನಮ್ಮಲ್ಲಿ ರೋಗಿಗೆ ಕ್ಯಾನ್ಸರ್ ಎಂದು ಹೇಳುತ್ತಿರಲಿಲ್ಲ. ಕ್ಷಯದ ಹಳೆಯ ಕಲೆ ಎಂದು ವೈದ್ಯರು ತಂದೆಗೆ ಹೇಳಿದರು. ನಾವೂ ಹಾಗೆಯೇ ಹೇಳಿದೆವು. ಅವರು ಆಸ್ಪತ್ರೆಯ ಮೆಟ್ಟಿಲಿನಲ್ಲಿ ಸೇದುತ್ತಿದ್ದರು. ಗುಣಪಡಿಸುತ್ತಿರುವುದಕ್ಕಾಗಿ ವೈದ್ಯರಿಗೆ ವಂದನೆ ಹೇಳಿ ತೀರಿಕೊಂಡರು."

"ಅಯ್ಯೋ."

"ಆದರೆ ಮರಣಪತ್ರದಲ್ಲಿ ಸರಿಯಾಗಿ ಬರೆದಿದ್ದರು. ನಾವು ರೋಗಿಗೆ ಸುಳ್ಳು ಹೇಳುತ್ತಿದ್ದೆವು, ಕಾಗದಕ್ಕೆ ನಿಜ ಹೇಳುತ್ತಿದ್ದೆವು. ಅಮೆರಿಕದವರು ಇಬ್ಬರಿಗೂ ನಿಜ ಹೇಳುತ್ತಾರೆಂದು ಓದಿದ್ದೆ. ನೀವು ಇಬ್ಬರಿಗೂ ಸುಳ್ಳು ಹೇಳುವಿರಿ. ಇದು ಹೊಸ ಗುಂಪು. ನನ್ನ ನಕ್ಷೆಯಲ್ಲಿ ಇದಕ್ಕೆ ಬಣ್ಣ ಇಲ್ಲ."

ಬೈಗುಳವನ್ನು ಇಷ್ಟು ಮರ್ಯಾದೆಯಿಂದ ಬಡಿಸಿದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಕೆಳಗಿನ ಖಾನೆ ಎಳೆದು ಅಪ್ಪನ ಚೀಟಿ ತೆಗೆದು ಆಕೆಯ ಮುಂದಿಟ್ಟೆ. ಆಕೆ ಓದಿ, ಎರಡೂ ಕೈಯಿಂದ ಹಿಡಿದು ವಾಪಸು ಕೊಟ್ಟರು.

"ಇದನ್ನು ನನಗೆ ತೋರಿಸಿದ್ದಕ್ಕೆ ವಂದನೆ," ಎಂದರು. "ಆದರೆ ತೋರಿಸಬೇಕಾದದ್ದು ನನಗಲ್ಲ."

ಮುಂದಿನ ಬುಧವಾರ ಬಂತು. ಬಸ್ಸಿಗೆ ಇನ್ನು ಆರು ದಿನ. ಹಾತಾನಾಕಾ ಊರಿಗೆ ಹೊರಡುವ ಮುಂಚೆ ಒಂದು ಪ್ರಾರ್ಥನೆ ನೋಡಲೆಂದು ಜಡ್ಜ್ ಅವರನ್ನೂ ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿದ್ದ. ಎವರೆಟ್ ಕಂಬದ ಹತ್ತಿರ ಇದ್ದ. ಬ್ರದರ್ ಕ್ಲೈಡ್ ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಹೋಬ್ ಕೈ ಎತ್ತಿದ. ನಾನೂ ಎತ್ತಿದೆ.

"ಮಿಸ್ ವರ್ನಾ ಅವರದೂ ಒಂದು ಹೇಳದ ಪ್ರಾರ್ಥನೆ," ಎಂದ ಬ್ರದರ್ ಕ್ಲೈಡ್.

"ಅಲ್ಲ ಬ್ರದರ್ ಕ್ಲೈಡ್. ನಂದು ಹೇಳೋದೇ." ಎದ್ದು ನಿಂತೆ. "ನಮ್ಮಪ್ಪ ಸತ್ತಿದ್ದು ಹೃದಯದಿಂದ ಅಲ್ಲ. ಶ್ವಾಸಕೋಶದ ಕ್ಯಾನ್ಸರು. ಎಂಟು ತಿಂಗಳು ನರಳಿದ್ರು. ನಾನು ಹೃದಯ ಅಂತ ಟೈಪ್ ಮಾಡ್ದೆ. ಇನ್ನೂ ಎಷ್ಟೋ ಜನದ್ದು ಹಾಗೇ ಮಾಡಿದೀನಿ. ಈ ಊರಿನ ಶ್ವಾಸಕೋಶ ಗಟ್ಟಿ ಅಲ್ಲ, ನನ್ನ ಟೈಪಿಂಗ್ ಗಟ್ಟಿ. ಹಿಂದೆ ಕೂತಿರೋ ನನ್ನ ತಮ್ಮ ಆ ಕಾಗದ ನಂಬ್ಕೊಂಡು ಬಸ್ಸಿಗೆ ಹೋಗಲ್ಲ ಅಂತಿದಾನೆ. ಅವನಿಗೋಸ್ಕರ ಪ್ರಾರ್ಥನೆ ಮಾಡಿ. ಆಮೇಲೆ ನನಗೂ ಮಾಡಿ."

ಮೊದಲು ಸುಧಾರಿಸಿಕೊಂಡವನು ಜಡ್ಜ್.

"ವರ್ನಾ, ಇದು ಪ್ರಾರ್ಥನೆಯೋ ಪತ್ರಿಕಾಗೋಷ್ಠಿಯೋ? ಹೊರಗಿನೋರು ಕೂತಿದಾರೆ."

"ಹೊರಗಿನೋರಿಗೆ ಆಗಲೇ ಗೊತ್ತು ಡೆಲ್ಮರ್. ಗೊತ್ತಿಲ್ಲದೆ ಇರೋದು ಒಳಗಿನೋರಿಗೇ."

ಎವರೆಟ್ ಕಂಬ ಹಿಡಿದುಕೊಂಡು ಎದ್ದ. "ಬರೆಸಿದ್ದು ನಾನು. ಅವಳನ್ನ ಬೈಬೇಡಿ," ಎಂದು ಹೇಳಿ ಮತ್ತೆ ಕೂತ. ಆಗ ಎಂಬತ್ತೈದರ ಓಪಲ್ ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. ನಮ್ಮ ಚರ್ಚಿನ ಅತಿ ಹಳೆಯ ವಿಧವೆ ಅವಳು. "ಯಾರದ್ದು ಏನಾದರೂ ಆಗಲಿ. ನನ್ನ ಗಂಡಂದು ಹೃದಯವೇ. ಅವರ ಕಾಗದ ಮುಟ್ಟಿದ್ರೆ ನೋಡು ವರ್ನಾ, ನಿನ್ನ ಬೆರಳು ಮುರೀತೀನಿ."

ತಿರುಗಿ ನೋಡಿದರೆ ಹಿಂದಿನ ಬೆಂಚು ಖಾಲಿಯಾಗಿತ್ತು.

ಹೋಬ್ ಹೊರಗೆ ಟ್ರಕ್ಕಿನಲ್ಲಿ ಕೂತಿದ್ದ. ಕೈಯಲ್ಲಿ ಸಿಗರೇಟು ಇತ್ತು, ಹಚ್ಚಿರಲಿಲ್ಲ. ನಾನು ಪಕ್ಕದ ಬಾಗಿಲು ತೆಗೆದು ಹತ್ತಿ ಕೂತೆ. ಬೈಯುತ್ತಾನೆಂದು ಕಾದೆ.

"ಅಪ್ಪ ಬ್ಯಾರನ್ ಹಿಂದೆ ರಕ್ತದ ಕರವಸ್ತ್ರ ಸುಡ್ತಿದ್ರು," ಎಂದ. "ನಾನು ನೋಡಿದೀನಿ. ಒಂದಲ್ಲ, ಸುಮಾರು ಸಲ."

"ಮತ್ತೆ ಹೃದಯ ಅಂತ ಹೆಂಗೆ ನಂಬ್ದೆ?"

"ನೀನು ಟೈಪ್ ಮಾಡಿದ್ದಲ್ವಾ ಅಕ್ಕಾ. ನೀನು ಚಿಕ್ಕೋಳಿದ್ದಾಗಿಂದ ಒಂದು ಸುಳ್ಳು ಹೇಳಿದೋಳಲ್ಲ. ಕರವಸ್ತ್ರ ನಾನೇ ತಪ್ಪು ನೋಡಿರ್ಬೇಕು ಅಂದ್ಕೊಂಡೆ."

ಜಡ್ಜ್ ನೂರು ಬ್ಯಾನರು ಕಟ್ಟಿದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಕೋಟಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡೆ. ಅವನು ಮನೆಯವರೆಗೆ ಬಿಟ್ಟು ಹೋದ. ಬಸ್ಸಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮಂಗಳವಾರ ಬಸ್ಸು ಬಂತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಅದೂ ಹೋಬ್ ಹೊಡೆದು ಹಾಕು ಎಂದದ್ದು. ನಾನು ಬಸ್ಸಿನ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ಟ್ರಕ್ಕು ಅಂಗಳದೊಳಗೆ ತಿರುಗಿತು. ಹೋಬ್ ಭಾನುವಾರದ ಅಂಗಿ ಹಾಕಿಕೊಂಡು ಇಳಿದ. ಅವನ ಹಿಂದೆ ಹೆಡ್‌ಮಾಸ್ಟರೂ ಇನ್ನು ಮೂವರು ಗಂಡಸರೂ ಯಾರೋ ಹಿಡಿದು ತಂದವರ ಹಾಗೆ ಇಳಿದರು. ಹಿಡಿದು ತಂದವರು ಅವರ ಹೆಂಡತಿಯರು, ಹಿಂದಿನ ಕಾರಿನಲ್ಲಿದ್ದರು.

ಬಸ್ಸಿನ ದಾದಿ ಹೋಬ್‌ನ ಫಾರಂ ತುಂಬಿಸಿದಳು. "ಇನ್ನೂ ಸೇದ್ತೀರಾ, ಬಿಟ್ಟಿದೀರಾ?"

"ಬಿಟ್ಟಿದೀನಿ."

"ಯಾವಾಗ ಬಿಟ್ರಿ?"

"ಈಗಷ್ಟೇ. ಅಲ್ಲಿ, ಆ ಮೆಟ್ಟಿಲ ಹತ್ರ," ಎಂದು ತೋರಿಸಿದ. ಮೆಟ್ಟಿಲ ಕೆಳಗೆ ಸಿಗರೇಟಿನ ತುಂಡು ಇನ್ನೂ ಹೊಗೆಯಾಡುತ್ತಿತ್ತು. ದಾದಿ 'ಸೇದುವುದನ್ನು ಬಿಟ್ಟವರು' ಎಂಬ ಚೌಕಕ್ಕೆ ಗುರುತು ಹಾಕಿದಳು. ದೇಶದೇಶಗಳ ನಕ್ಷೆಗಳು ಹೇಗೆ ಹುಟ್ಟುತ್ತವೆಂದು ಅಂದು ನನಗೆ ಪೂರ್ತಿ ಅರ್ಥವಾಯಿತು.

"ಮನೇಲಿ ಯಾರಿಗಾದ್ರೂ ಶ್ವಾಸಕೋಶದ ಕ್ಯಾನ್ಸರ್ ಇತ್ತಾ?"

ಹೋಬ್ ನನ್ನ ಕಡೆ ನೋಡಿದ. "ಅಪ್ಪಂಗೆ," ಎಂದ.

ಹೋಬ್‌ನ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಟಾಣಿ ಕಾಳಿನಷ್ಟು ಒಂದು ಕಲೆ ಸಿಕ್ಕಿತು. ಬಟಾಣಿಯಷ್ಟರಲ್ಲೇ ಸಿಕ್ಕಿದ್ದು ಪುಣ್ಯ, ಅಪ್ಪನದು ಸಿಕ್ಕಾಗ ಮುಷ್ಟಿಯಷ್ಟಿತ್ತು. ಅದು ಕ್ಯಾನ್ಸರೇ ಆಗಿತ್ತು, ಜೂನಿನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಕೊಯ್ದು ತೆಗೆದರು. ಕೆಮ್ಮು ಮಾತ್ರ ನಿಜಕ್ಕೂ ಹುಲ್ಲಿನ ಧೂಳಿನದೇ ಇರಬಹುದೆಂದು ಡಾಕ್ಟರು ಹೇಳಿದರಂತೆ. ಅದನ್ನು ಅವನು ಇವತ್ತಿಗೂ ನನಗೆ ದಿನಕ್ಕೊಮ್ಮೆ ಹೇಳಿ ತೋರಿಸುತ್ತಾನೆ. ಹೇಳಲಿ, ಹೇಳಲು ಇದ್ದಾನಲ್ಲ.

ಹಾತಾನಾಕಾ ಒಸಾಕಾದಿಂದ ಒಂದು ಕಾಗದ ಬರೆದರು. ನಮ್ಮ ಗೆರೆಯನ್ನು ನಕ್ಷೆಯಿಂದ ಅಳಿಸಿದ್ದಾರಂತೆ, ಸಾರು ಬಹಳ ರುಚಿಯಾಗಿತ್ತಂತೆ. ಜಡ್ಜ್ ಬ್ಯಾನರು ಇಳಿಸಿ ಎರಡು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲ. ಆದರೆ ಬಡಾಯಿ ಕೊಚ್ಚುವವನ ಬಾಯಿ ಎಷ್ಟು ದಿನ ಮುಚ್ಚಿರುತ್ತದೆ? ಸೆಪ್ಟೆಂಬರಿನಲ್ಲಿ ಕೋರ್ಟಿನ ಮುಂದೆ ಅದೇ ಜಾಗದಲ್ಲಿ ಹೊಸ ಬ್ಯಾನರು ಏರಿತು. ಶ್ವಾಸಕೋಶದ ಕ್ಯಾನ್ಸರಿನಿಂದ ಬದುಕಿ ಉಳಿಯುವವರು ಎಂದು ಮೇಲೆ ಬರೆದು, ಅಮೆರಿಕದ್ದೂ ಜಪಾನಿನದ್ದೂ ಅಂಕಿಗಳನ್ನು ಇರುವೆಯಷ್ಟು ಸಣ್ಣದಾಗಿ ಹಾಕಿಸಿದ್ದ. ಅವುಗಳ ಕೆಳಗೆ ಬಾಗಿಲಿನಷ್ಟು ದೊಡ್ಡದಾಗಿ: 'ಮಾಸ್ಬಿ ಕೌಂಟಿ, ನೂರಕ್ಕೆ ನೂರು.'

ಲೆಕ್ಕ ತಪ್ಪೇನಲ್ಲ. ಜಡ್ಜ್ ಲೆಕ್ಕಕ್ಕೆ ಹಿಡಿಯದ ಲೆಕ್ಸಿಂಗ್ಟನ್ನಿನ ಆ ಇಬ್ಬರನ್ನು ಬಿಟ್ಟರೆ, ಕಾಗದದ ಮೇಲೆ ಈ ಕೌಂಟಿಯಲ್ಲಿ ಆ ರೋಗ ಬಂದವನು ಒಬ್ಬನೇ, ಹೋಬ್. ಅವನು ಬದುಕಿದ್ದಾನೆ.

ಅಪ್ಪನ ಸರ್ಟಿಫಿಕೇಟು ತಿದ್ದಲು ಅರ್ಜಿ ಸಿದ್ಧ ಮಾಡಿದ್ದು ಅದರ ಮುಂದಿನ ಸೋಮವಾರ. ಕರೋನರ್ ಸಹಿ ಬೇಕೆಂದು ಎವರೆಟ್ ಬಂದಿದ್ದ. ಮನೆಯವರ ಸಹಿಗೆ ಹೋಬ್ ಬಂದಿದ್ದ, ಸ್ವಲ್ಪ ಮೈ ತುಂಬಿಕೊಂಡು, ಹೊಸ ತೂತುಗಳಲ್ಲಿ ಒಂದನ್ನು ಬಿಟ್ಟು ಬೆಲ್ಟು ಕಟ್ಟಿದ್ದ. ಸುದ್ದಿ ಹೇಗೋ ತಿಳಿದು ಜಡ್ಜ್ ಏದುಸಿರು ಬಿಡುತ್ತ ಒಳಗೆ ಬಂದ.

"ವರ್ನಾ, ಒಂದು ವರ್ಷ ತಡೀಬಾರದಾ? ಹನ್ನೊಂದು ವರ್ಷ ತಡೆದಿದೀಯ."

"ಅದಕ್ಕೇ ಇನ್ನು ತಡೆಯಲ್ಲ."

"ನಿಮ್ಮಪ್ಪನ್ನ ಸೇರಿಸಿದ್ರೆ ಏನಾಗುತ್ತೆ ಗೊತ್ತಾ? ಇಬ್ಬರಲ್ಲಿ ಒಬ್ಬ. ನೂರಿದ್ದದ್ದು ಐವತ್ತಾಗುತ್ತೆ. ಒಂದೇ ದಿನದಲ್ಲಿ. ಯಾವ ದೇಶದಲ್ಲೂ ಹಂಗೆ ಬಿದ್ದಿಲ್ಲ."

"ಜಡ್ಜ್," ಎಂದ ಹೋಬ್, "ನೂರರಲ್ಲಿ ನಾನೊಬ್ಬನೇ ಇದ್ದೆ. ಬೇಜಾರಾಗಿತ್ತು. ಅಪ್ಪ ಜೊತೆಗೆ ಬರಲಿ ಬಿಡು."

ನಾನು ಟೈಪ್ ಮಾಡಿದೆ. ನೋಡದೆ ಹೊಡೆಯುವ ಬೆರಳು ಆ ದಿನ ಪ್ರತಿ ಅಕ್ಷರವನ್ನೂ ಹುಡುಕಿ ಹುಡುಕಿ ಹೊಡೆಯಿತು. ಕಾರಣ: ಶ್ವಾಸಕೋಶದ ಕ್ಯಾನ್ಸರ್. ಅವಧಿ: ಎಂಟು ತಿಂಗಳು. ಎವರೆಟ್ ಸಹಿ ಹಾಕಿದ, ಹೋಬ್ ಹಾಕಿದ. ಶಾಯಿ ಆರಲೆಂದು ಕಿಟಕಿಯ ಹತ್ತಿರ ಇಟ್ಟೆವು.

ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಓಪಲ್ ಅಜ್ಜಿ. ನಾನು ಬೆರಳು ಮಡಚಿಕೊಂಡೆ. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಬೈಬಲ್ಲಿನ ನಡುವೆ ಮಡಚಿಟ್ಟಿದ್ದ ಹಳೆಯ ಸರ್ಟಿಫಿಕೇಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹೋಬ್ ಅವಳಿಗೆ ಕುರ್ಚಿ ಎಳೆದು ಕೊಟ್ಟ.

"ಇದನ್ನೂ ಸರಿ ಮಾಡು," ಎಂದಳು.

ಜಡ್ಜ್ ಮನಸ್ಸಿನಲ್ಲೇ ಭಾಗಾಕಾರ ಮಾಡಿರಬೇಕು, ಟೋಪಿ ತೆಗೆದುಕೊಂಡು ಹೊರಗೆ ಹೋದ. ನಾನು ಯಂತ್ರಕ್ಕೆ ಹೊಸ ಹಾಳೆ ಏರಿಸಿದೆ.

"ಎಷ್ಟು ತಿಂಗಳು ಅಜ್ಜಿ?"

"ಹದಿನಾಲ್ಕು," ಎಂದಳು. "ಬೆನ್ನುನೋವು ಅಂತ ಹೇಳ್ತಿದ್ದೆ ಎಲ್ಲರಿಗೂ. ಅವರಿಗೂ ಹಾಗೇ ಹೇಳ್ತಿದ್ದೆ."

ನಾನು ಹದಿನಾಲ್ಕು ಎಂದು ಹೊಡೆದೆ.